ನೀರು ಮೊದಲು, ಗಿಡ ಕೊನೆಗೆ: ಲಿಗೂರಿಯಾ ಕಡಲ ದಂಡೆಯ ಹಳೆಯ ಮೆಟ್ಟಿಲು ತೋಟವನ್ನು ಸರಿಪಡಿಸುವ ಬಗೆ

ಇಟಲಿಯ ವಾಯವ್ಯ ಮೂಲೆಯಲ್ಲಿ ಲಿಗೂರಿಯಾ ಇದೆ. ಒಂದು ಕಡೆ ಫ್ರಾನ್ಸಿನ ಗಡಿ, ಇನ್ನೊಂದು ಕಡೆ ಟಸ್ಕನಿ. ಇಲ್ಲಿ ಬಯಲು ಬಹಳ ಕಡಿಮೆ. ಗುಡ್ಡ ಸೀದಾ ಸಮುದ್ರಕ್ಕೆ ಇಳಿಯುತ್ತದೆ. ಈ ಇಳಿಜಾರಿನಲ್ಲಿ ಬೇಸಾಯ ಮಾಡಲು ಜನ ನೂರಾರು ವರ್ಷ ಕಲ್ಲು ಹೊತ್ತು ಗೋಡೆ ಕಟ್ಟಿದರು. ಗೋಡೆಯ ಹಿಂದೆ ಮಣ್ಣು ತುಂಬಿದರು. ಹೀಗೆ ಆದ ಒಂದೊಂದು ಹಂತಕ್ಕೂ ಇಲ್ಲಿನವರು 'ಫಾಶಾ' ಎನ್ನುತ್ತಾರೆ. ಪಟ್ಟಿ ಎಂದು ಅರ್ಥ. ಮೊದಲು ಇವು ಆಲಿವ್, ದ್ರಾಕ್ಷಿ, ನಿಂಬೆ ಬೆಳೆಯುವ ಹೊಲಗಳಾಗಿದ್ದವು. 19ನೇ ಶತಮಾನದಲ್ಲಿ ಚಳಿ ತಪ್ಪಿಸಿಕೊಳ್ಳಲು ಬಂದ ಉತ್ತರ ಯುರೋಪಿನ ಶ್ರೀಮಂತರು ಇಂಥ ಗುಡ್ಡಗಳನ್ನು ಕೊಂಡು ವಿಲ್ಲಾ ಕಟ್ಟಿಸಿದರು. ರೈತನ ಪಟ್ಟಿಗಳು ತೋಟದ ಹಂತಗಳಾದವು.

ನಾನು ಶಿರಸಿ ಕಡೆಯವನು. ಲಿಗೂರಿಯಾದಲ್ಲಿ ಇಂಥ ಎರಡು ತೋಟಗಳ ಕೆಲಸದಲ್ಲಿ ಕೈಜೋಡಿಸಿದ್ದೇನೆ. ಊರಿನಲ್ಲಿ ಅಡಿಕೆ ತೋಟದ ಬಸಿಗಾಲುವೆ ನೋಡಿ ಬೆಳೆದವನಿಗೆ ಇಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಹೂವಲ್ಲ, ನೀರಿನ ದಾರಿ. ಮೆಟ್ಟಿಲು ತೋಟ ಎಂದರೆ ಮಳೆನೀರನ್ನು ನಿಧಾನವಾಗಿ ಕೆಳಗಿಳಿಸುವ ಒಂದು ದೊಡ್ಡ ಯಂತ್ರ. ಆ ಯಂತ್ರ ಕೆಟ್ಟಿದ್ದರೆ ಮೇಲೆ ಎಷ್ಟು ಗಿಡ ನೆಟ್ಟರೂ ಒಂದು ಜೋರು ಮಳೆಗೆ ಎಲ್ಲ ಕೆಳಗೆ ಬರುತ್ತದೆ. ಆದ್ದರಿಂದ ಈ ಬರಹದ ಕ್ರಮವೂ ಅದೇ: ಮೊದಲು ನೀರು, ಆಮೇಲೆ ಕಲ್ಲು, ಆಮೇಲೆ ಮಣ್ಣು, ಕೊನೆಗೆ ಗಿಡ. ಭೂದೃಶ್ಯ ವಿನ್ಯಾಸ ಓದಲು ಇಟಲಿಗೆ ಬರುವವರಿಗೂ ಇಲ್ಲಿನ ಹಳೆಯ ಮನೆಗಳನ್ನು ನೋಡಿಕೊಳ್ಳುವ ನಮ್ಮವರಿಗೂ ಇದು ಕೆಲಸಕ್ಕೆ ಬರಬೇಕು ಎನ್ನುವುದು ನನ್ನ ಆಸೆ.

ಮೊದಲ ವರ್ಷ: ನೋಡುವುದೇ ಕೆಲಸ

ಹಾಳು ಬಿದ್ದ ತೋಟ ಕಂಡ ಕೂಡಲೇ ಕತ್ತಿ ಹಿಡಿದು ಸವರಲು ಮನಸ್ಸಾಗುತ್ತದೆ. ತಡೆಯಿರಿ. ನಾಲ್ಕೂ ಋತುಗಳನ್ನು ಒಮ್ಮೆ ನೋಡಿ. ಬೇಸಿಗೆಯಲ್ಲಿ ಬರೀ ಒಣ ಹುಲ್ಲು ಕಾಣುವ ಜಾಗದಲ್ಲಿ ಫೆಬ್ರವರಿಯಲ್ಲಿ ನೂರು ವರ್ಷದ ಹಿಂದೆ ನೆಟ್ಟ ಗಡ್ಡೆಗಳು ಹೂ ಬಿಡಬಹುದು. ಪೊದೆಯ ಅಡಿಯಲ್ಲಿ ಕಲ್ಲಿನ ಕಾಲುವೆ ಇರಬಹುದು. ಪೊದೆ ಸವರುವ ಯಂತ್ರ ಒಮ್ಮೆ ಓಡಿದರೆ ಎರಡೂ ಹೋದವು.

ನಮ್ಮವರು ಇಲ್ಲಿ ಒಂದು ಮಾತು ನೆನಪಿಡಬೇಕು. ಇಲ್ಲಿನ ಹವಾಮಾನ ನಮ್ಮದಕ್ಕೆ ತದ್ವಿರುದ್ಧ. ನಮ್ಮಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಇಲ್ಲಿ ಜೂನ್‌ನಲ್ಲಿ ಒಣಗಲು ಶುರು. ಜುಲೈ, ಆಗಸ್ಟ್ ಎಂದರೆ ಬಿರುಬಿಸಿಲು. ಅಕ್ಟೋಬರ್, ನವೆಂಬರ್‌ನಲ್ಲಿ ಮಳೆ ಜೋರು. ಅದೂ ಒಂದೇ ದಿನ ಕೊಡ ಸುರಿದಂತೆ ಬರಬಹುದು. 2011ರ ಅಕ್ಟೋಬರ್ 25ರಂದು ಈ ದಂಡೆಯ ಚಿಂಕ್ವೆ ತೆರ್ರೆ ಎಂಬ ಐದು ಊರುಗಳ ಸೀಮೆಯ ವೆರ್ನಾತ್ಸಾ ಮತ್ತು ಮೊಂತೆರೊಸ್ಸೊ ಊರುಗಳು ಹೀಗೆಯೇ ಕೆಲವೇ ಗಂಟೆಗಳ ಮಳೆಗೆ ಕೆಸರಿನಲ್ಲಿ ಹೂತುಹೋದವು. ಯಾರೂ ನೋಡಿಕೊಳ್ಳದೆ ಬಿಟ್ಟ ಹಂತಗಳಿಂದ ಜಾರಿದ ಮಣ್ಣೂ ಕಲ್ಲೂ ಆ ಕೆಸರಿನಲ್ಲಿದ್ದವು. ಈ ದಂಡೆಯಲ್ಲಿ ಒಂದು ಗೋಡೆ ಸರಿಪಡಿಸುವುದು ಬರೀ ಅಂದದ ಮಾತಲ್ಲ. ಕೆಳಗೆ ಮನೆಗಳಿವೆ, ರಸ್ತೆಯಿದೆ, ರೈಲು ಹಳಿಯಿದೆ.

ಹಾಗಾಗಿ ಆ ಮೊದಲ ವರ್ಷದ ಮಳೆಯಲ್ಲಿ ಕೊಡೆ ಹಿಡಿದು ತೋಟ ಸುತ್ತಿ. ನೀರು ಎಲ್ಲಿಂದ ಒಳಗೆ ಬರುತ್ತಿದೆ? ಯಾವ ಹಂತದಲ್ಲಿ ನಿಲ್ಲುತ್ತಿದೆ? ಯಾವ ಗೋಡೆಯ ಸಂದಿನಿಂದ ಸೋರುತ್ತಿದೆ, ಯಾವುದರಿಂದ ಸೋರುತ್ತಿಲ್ಲ? ಸೋರುವ ಗೋಡೆ ಆರೋಗ್ಯವಾಗಿದೆ ಎಂದು ತಿಳಿಯಿರಿ. ಜೋರು ಮಳೆಯಲ್ಲೂ ಒಣಗಿ ನಿಂತ ಗೋಡೆಯ ಮೇಲೆ ಅನುಮಾನ ಇಡಿ. ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಇದಕ್ಕಿಂತ ಒಳ್ಳೆಯ ಸಮೀಕ್ಷೆಯನ್ನು ದುಡ್ಡು ಕೊಟ್ಟರೂ ಮಾಡಿಸಲು ಆಗುವುದಿಲ್ಲ.

ನಕ್ಷೆಯೂ ಬೇಕು. ಎಲ್ಲ ಹಂತಗಳಿಗೂ ಮೇಲಿನಿಂದ ಕೆಳಕ್ಕೆ ನಂಬರ್ ಕೊಡಿ. ಪ್ರತಿ ಗೋಡೆಯ ಉದ್ದ, ಎತ್ತರ, ಓರೆ ಬರೆದುಕೊಳ್ಳಿ. ಉಬ್ಬಿದ ಕಡೆ ತೂಗುಗುಂಡು ಇಳಿಬಿಟ್ಟು ದಾರದಿಂದ ಗೋಡೆಗೆ ಎಷ್ಟು ದೂರ ಎಂದು ತಿಂಗಳಿಗೊಮ್ಮೆ ಅಳೆಯಿರಿ. ಆರು ತಿಂಗಳಲ್ಲಿ ಬದಲಾಗದಿದ್ದರೆ ಅದು ಹಳೆಯ ಉಬ್ಬು. ಸುಮ್ನೆ ಬಿಡಬಹುದು. ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಅದನ್ನೇ ಮೊದಲು ಕೈಗೆತ್ತಿಕೊಳ್ಳಬೇಕು.

ಹಳೆಯ ಕಾಗದ, ಹಳೆಯ ಫೋಟೊ

ನೋಡುವುದರ ಜೊತೆಗೇ ಹುಡುಕುವ ಕೆಲಸ ನಡೆಯಲಿ. ಹಳೆಯ ಭೂದಾಖಲೆ ನಕ್ಷೆಗಳಿಗೆ ಇಲ್ಲಿ 'ಕತಾಸ್ತೊ' ಎನ್ನುತ್ತಾರೆ. ಅದರಲ್ಲಿ ಹಂತ, ದಾರಿ, ತೊಟ್ಟಿ ಎಲ್ಲಿದ್ದವು ಎಂದು ತಿಳಿಯುತ್ತದೆ. ರಿವಿಯೆರಾ ಎಂದು ಕರೆಯುವ ಈ ದಂಡೆಯ ಪೋಸ್ಟ್‌ಕಾರ್ಡುಗಳು 1900ರ ಆಸುಪಾಸಿನಿಂದ ರಾಶಿರಾಶಿ ಸಿಗುತ್ತವೆ. ಮನೆಯವರ ಆಲ್ಬಮ್, ನರ್ಸರಿಯ ಹಳೆಯ ರಸೀದಿ, ಅತಿಥಿಗಳ ಪತ್ರ, ಏನು ಸಿಕ್ಕರೂ ಇಟ್ಟುಕೊಳ್ಳಿ. ಊರಿನ ಹಿರಿಯರನ್ನು ಮಾತಾಡಿಸುವುದನ್ನು ಮರೆಯಬೇಡಿ. ಒಂದು ತೋಟದಲ್ಲಿ ನಾವು ವಾರಗಟ್ಟಲೆ ಹುಡುಕಿದ ನೀರಿನ ತೂಬನ್ನು, ಅಲ್ಲಿ ಹುಡುಗನಾಗಿದ್ದಾಗ ಕೆಲಸ ಮಾಡಿದ್ದ ಒಬ್ಬ ಅಜ್ಜ ಕೋಲಿನಲ್ಲಿ ತೋರಿಸಿಬಿಟ್ಟರು.

ಈ ಹುಡುಕಾಟಕ್ಕೆ ಒಳ್ಳೆಯ ಮಾದರಿ ಎಂದರೆ ವೆಂತಿಮಿಲಿಯಾ ಹತ್ತಿರದ ಮೋರ್ತೊಲಾ ತೋಟ. ಶಾಂಘೈನಲ್ಲಿ ವ್ಯಾಪಾರ ಮಾಡಿ ಹಣ ಗಳಿಸಿದ್ದ ಇಂಗ್ಲಿಷಿನವ ಥಾಮಸ್ ಹ್ಯಾನ್‌ಬರಿ 1867ರಲ್ಲಿ ಅದನ್ನು ಕೊಂಡ. ಔಷಧ ಸಸ್ಯಗಳನ್ನು ಚೆನ್ನಾಗಿ ಬಲ್ಲ ಅಣ್ಣ ಡೇನಿಯಲ್, ಜರ್ಮನಿಯ ತೋಟಗಾರ ಲುಡ್ವಿಗ್ ವಿಂಟರ್ ಜೊತೆಗೂಡಿದರು. ಒಟ್ಟು 18 ಹೆಕ್ಟೇರ್, ರಸ್ತೆಯಿಂದ ಕಡಲ ತನಕ ಸುಮಾರು 100 ಮೀಟರ್ ಇಳಿಜಾರು. ನಡುವೆ ರೋಮನ್ನರ ಕಾಲದ ರಸ್ತೆ ಹಾದುಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ತೋಟಕ್ಕೆ ಪೆಟ್ಟು ಬಿತ್ತು. 1960ರಲ್ಲಿ ಇಟಲಿ ಸರ್ಕಾರ ಕೊಂಡಿತು. 1980ರ ದಶಕದಿಂದ ಜಿನೋವಾ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತಿದೆ. ಹ್ಯಾನ್‌ಬರಿ ಕಾಲದಲ್ಲೇ ಗಿಡಗಳ ಪಟ್ಟಿ ಅಚ್ಚಾಗಿತ್ತು, 1912ರಲ್ಲಿ ಇನ್ನೂ ವಿವರವಾದ ಪಟ್ಟಿ ಬಂತು. ಯಾವ ಗಿಡ ಇತ್ತು ಎನ್ನುವುದಕ್ಕೆ ಅಲ್ಲಿ ಆಧಾರವಿದೆ. ನಿಮ್ಮ ತೋಟಕ್ಕೆ ಅಷ್ಟೊಂದು ಕಾಗದ ಸಿಗಲಿಕ್ಕಿಲ್ಲ. ಆದರೂ ಒಮ್ಮೆ ಹೋಗಿ ನೋಡಿ ಬನ್ನಿ.

ಕಾಗದ ಸಿಕ್ಕ ಮೇಲೆ ಕಷ್ಟದ ಪ್ರಶ್ನೆ ಬರುತ್ತದೆ. ಯಾವ ಕಾಲದ ತೋಟವನ್ನು ಉಳಿಸಬೇಕು? ರೈತನದ್ದೋ, 1880ರದ್ದೋ, 1930ರದ್ದೋ? ನನ್ನ ಅಭಿಪ್ರಾಯ ಹೀಗಿದೆ. ಒಂದು ವರ್ಷ ಆರಿಸಿ ಉಳಿದದ್ದನ್ನೆಲ್ಲ ಕಿತ್ತುಹಾಕುವುದು ತಪ್ಪು. ಗಟ್ಟಿಯಾಗಿ ನಿಂತ ಪದರಗಳೆಲ್ಲ ಇರಲಿ. ಬೇರೆ ಪದರವನ್ನು ಹಾಳುಮಾಡುತ್ತಿರುವುದನ್ನು ಮಾತ್ರ ತೆಗೆಯಿರಿ. 1981ರಲ್ಲಿ ಫ್ಲಾರೆನ್ಸ್‌ನಲ್ಲಿ ತಯಾರಾದ ಐತಿಹಾಸಿಕ ತೋಟಗಳ ಸನ್ನದು ಇಂಥ ತೋಟವನ್ನು ಜೀವಂತ ಸ್ಮಾರಕ ಎಂದು ಕರೆಯುತ್ತದೆ. ಚೆನ್ನಾಗಿ ಅಧ್ಯಯನ ಮಾಡದೆ ಕೈ ಹಾಕಬಾರದು ಎಂದೂ ಹೇಳುತ್ತದೆ. ಕೆಲಸ ಶುರುಮಾಡುವ ಮೊದಲು ಅದನ್ನು ಓದಿ. ಕೆಲವೇ ಪುಟಗಳು.

ಅನುಮತಿ

ಇದನ್ನು ಬೇಗ ಮುಗಿಸುತ್ತೇನೆ. ಇಟಲಿಯಲ್ಲಿ 2004ರ 42ನೇ ಶಾಸನಾದೇಶ ಮುಖ್ಯ. ತೋಟವನ್ನು ಐತಿಹಾಸಿಕ ಆಸ್ತಿ ಎಂದು ಘೋಷಿಸಿದ್ದರೆ ಪರಂಪರೆ ಇಲಾಖೆಯ ಸ್ಥಳೀಯ ಕಚೇರಿ 'ಸೊಪ್ರಿನ್ತೆಂದೆಂತ್ಸಾ'ದ ಒಪ್ಪಿಗೆ ಬೇಕು. ಘೋಷಿಸದಿದ್ದರೂ ಕಡಲ ದಂಡೆಯಿಂದ 300 ಮೀಟರ್ ಒಳಗಿನ ಜಾಗಕ್ಕೆ ಭೂದೃಶ್ಯ ರಕ್ಷಣೆಯ ಕಾನೂನು ತಾನಾಗಿಯೇ ಅನ್ವಯಿಸುತ್ತದೆ. ಇಳಿಜಾರಿನ ಜಾಗವಾದ್ದರಿಂದ 1923ರ ಹಳೆಯ ಕಾನೂನಿನ ಪ್ರಕಾರ ಮಣ್ಣು ಅಗೆಯಲೂ ಅನುಮತಿ ಬೇಕಾಗಬಹುದು. ಮೂರೂ ಬೇರೆಬೇರೆ ಕಾಗದಗಳು. ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಊರಿನ ಒಬ್ಬ ವಾಸ್ತುಶಿಲ್ಪಿ ಅಥವಾ ಸರ್ವೆಯರ್ ಜೊತೆಗಿರಲಿ. ಕಚೇರಿಗೆ ಹೋಗುವಾಗ ಆ ಮಳೆಯ ವಿಡಿಯೊ, ತೂಗುಗುಂಡಿನ ಲೆಕ್ಕ, ಹಳೆಯ ಫೋಟೊ ತೆಗೆದುಕೊಂಡು ಹೋಗಿ. ನಿಮ್ಮ ತಯಾರಿ ಕಂಡರೆ ಅಧಿಕಾರಿಗಳೂ ಮನಸ್ಸು ಕೊಟ್ಟು ಮಾತಾಡುತ್ತಾರೆ.

ಪೊದೆ ಬಿಡಿಸುವುದು

ಕಾಗದ ಓಡಾಡುತ್ತಿರುವಾಗ ಚಳಿಗಾಲದಲ್ಲಿ ಕೈಯಿಂದ ಪೊದೆ ಬಿಡಿಸಿ. ಮಾರ್ಚ್ ನಂತರ ಹಕ್ಕಿಗಳು ಗೂಡು ಕಟ್ಟುತ್ತವೆ, ಆಗ ಬೇಡ. ಮುಳ್ಳುಬಳ್ಳಿಯನ್ನು ಮೇಲಿನಿಂದ ಕೆಳಕ್ಕೆ, ಒಂದೊಂದೇ ಹಂತವಾಗಿ ಕತ್ತರಿಸುತ್ತಾ ಬನ್ನಿ. ಗೋಡೆಯಲ್ಲಿ ಬೇರಿಳಿಸಿದ ಐವಿ ಬಳ್ಳಿಯನ್ನು ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ. ಬುಡದಲ್ಲಿ ಕತ್ತರಿಸಿ, ಒಣಗಲು ಬಿಡಿ. ಒಂದು ವರ್ಷದ ಮೇಲೆ ಕೈಯಲ್ಲೇ ಉದುರುತ್ತದೆ. ಗೋಡೆಯಲ್ಲಿ ಹುಟ್ಟಿದ ಅಂಜೂರದ ಸಸಿಯನ್ನು ಎಳೆಯದಾಗಿರುವಾಗಲೇ ತೆಗೆಯಬೇಕು. ಕೇಪರ್ ಗಿಡ ಕಂಡರೆ ಉಳಿಸಿ. ಅದು ಈ ಗೋಡೆಗಳ ಹಳೆಯ ನೆಂಟ.

ಐಲಾಂಥಸ್ ಮರದ ವಿಷಯದಲ್ಲಿ ಮಾತ್ರ ಜಾಗ್ರತೆ. ಚೀನಾದಿಂದ ಬಂದ ಈ ಮರವನ್ನು ಯುರೋಪ್ ಒಕ್ಕೂಟ 2019ರಲ್ಲಿ ಆಕ್ರಮಣಕಾರಿ ಜಾತಿಗಳ ಪಟ್ಟಿಗೆ ಸೇರಿಸಿತು. ಸುಮ್ನೆ ಕಡಿದರೆ ಬೇರಿನಿಂದ ಹತ್ತು ಚಿಗುರು ಏಳುತ್ತವೆ. ಆ ಬೇರು ಗೋಡೆಯನ್ನೇ ಬಿಚ್ಚುತ್ತದೆ. ಎಳೆಯ ಸಸಿಯನ್ನು ಬೇರುಸಮೇತ ಕೀಳಿ. ದೊಡ್ಡದನ್ನು ಅನುಭವಸ್ಥರಿಂದಲೇ ತೆಗೆಸಿ.

ನೀರಿನ ದಾರಿ

ಈಗ ಯಂತ್ರದ ಒಳಗೆ ಹೋಗೋಣ. ಹಳೆಯ ತೋಟದಲ್ಲಿ ಪ್ರತಿ ಹಂತವೂ ಎರಡು ಕಡೆಗೆ ಸ್ವಲ್ಪ ಓರೆಯಾಗಿರುತ್ತದೆ. ಒಂದು, ಗೋಡೆಯ ಅಂಚಿನಿಂದ ಗುಡ್ಡದ ಕಡೆಗೆ. ಇನ್ನೊಂದು, ಹಂತದ ಉದ್ದಕ್ಕೂ ಒಂದು ತುದಿಗೆ. ಮಳೆನೀರು ಗೋಡೆಯ ತಲೆಯ ಮೇಲಿಂದ ಧುಮುಕದೆ ಹಿಂದಿನ ಸಣ್ಣ ಕಾಲುವೆಗೆ ಬಂದು, ಅಲ್ಲಿಂದ ಪಕ್ಕದ ಕಲ್ಲಿನ ಮೋರಿಗೆ ಸೇರಿ, ಮೆಟ್ಟಿಲ ಬದಿಯಲ್ಲಿ ಇಳಿದು ತೊಟ್ಟಿ ತುಂಬುತ್ತದೆ. ಉಳಿದದ್ದು ಹಳ್ಳಕ್ಕೆ. ನೋಡಿದರೆ ನಮ್ಮ ಅಡಿಕೆ ತೋಟದ ಬುದ್ಧಿಯೇ ಅಲ್ವಾ?

ಹೂಳು ತುಂಬಿ ಈ ಓರೆ ತಲೆಕೆಳಗಾದಾಗಲೇ ತೊಂದರೆ ಶುರು. ಆದ್ದರಿಂದ ಗೋಡೆ ಮುಟ್ಟುವ ಮೊದಲು ಹೀಗೆ ಮಾಡಿ. ತೀರಾ ಮೇಲಿನ ಹಂತದ ಹಿಂದೆ, ಗುಡ್ಡದ ನೀರು ತೋಟಕ್ಕೆ ನುಗ್ಗುವ ಜಾಗದಲ್ಲಿ, ಒಂದು ಅಡ್ಡಗಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಅಲ್ಲಿಂದ ಕೆಳಕ್ಕೆ ಹಳೆಯ ಮೋರಿಗಳನ್ನು ಒಂದೊಂದಾಗಿ ಬಿಡಿಸಿ. ಹೂಳನ್ನು ಎಸೆಯಬೇಡಿ. ಅದು ಕೆಳಗೆ ಹರಿದು ಬಂದ ನಿಮ್ಮದೇ ಮೇಲ್ಮಣ್ಣು. ಬಕೆಟ್ ನೀರು ಸುರಿದು ಹರಿವು ಪರೀಕ್ಷೆ ಮಾಡಿ. ಹಂತದ ಓರೆಯನ್ನು ರಸಮಟ್ಟ ಹಿಡಿದು ನೋಡಿ. ಮೀಟರಿಗೆ ಒಂದೆರಡು ಸೆಂಟಿಮೀಟರ್ ಸಾಕು. ಜಾಸ್ತಿಯಾದರೆ ಮಣ್ಣು ಕೊಚ್ಚುತ್ತದೆ.

ಆಮೇಲೆ ತೊಟ್ಟಿ. ಇಲ್ಲಿನ ಹಳೆಯ ತೊಟ್ಟಿಗಳ ಒಳಮೈಗೆ ಇಟ್ಟಿಗೆ ಪುಡಿ ಬೆರೆಸಿದ ಸುಣ್ಣದ ಗಾರೆ ಬಳಿದಿರುತ್ತಾರೆ. 'ಕೊಚ್ಚೊಪೆಸ್ತೊ' ಎಂದು ಹೆಸರು. ರೋಮನ್ನರ ಕಾಲದ ವಿದ್ಯೆ. ನಮಗೆ ಇದು ಹೊಸದಲ್ಲ. ನಮ್ಮ ಸುರ್ಕಿ ಗಾರೆಯೇ ಇದು. ಕನ್ನಂಬಾಡಿ ಕಟ್ಟೆ ನಿಂತದ್ದು ಸುರ್ಕಿ ಗಾರೆಯ ಮೇಲೆ. ಹಳೆಯ ಗಾರೆ ಬಿರುಕು ಬಿಟ್ಟಿದ್ದರೆ ಸಡಿಲಾದಷ್ಟನ್ನು ಮಾತ್ರ ಕೆತ್ತಿ, ತೇವ ಮಾಡಿ, ಅದೇ ಬಗೆಯ ಗಾರೆಯನ್ನು ತೆಳುವಾಗಿ ಎರಡು ಮೂರು ಪದರ ಬಳಿಯಿರಿ. ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿ ಹೊದಿಸಿ. 5 ಡಿಗ್ರಿಗಿಂತ ಚಳಿ ಇದ್ದಾಗ ಸುಣ್ಣದ ಕೆಲಸ ಬೇಡ.

ತೊಟ್ಟಿಗೆ ಎಷ್ಟು ನೀರು ಬಂದೀತು ಎನ್ನುವ ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 200 ಚದರ ಮೀಟರ್ ಸೂರಿನ ಮೇಲೆ 50 ಮಿ.ಮೀ. ಮಳೆಯಾದರೆ 10,000 ಲೀಟರ್. ಸೋರಿದ್ದು, ಆರಿದ್ದು ಕಳೆದು 8,000 ಹಿಡಿಯಿರಿ. ಮಳೆಗಾಲದಲ್ಲಿ ಹೀಗೆ ತುಂಬಿಸಿಟ್ಟದ್ದೇ ಜುಲೈಗೆ ನಿಮ್ಮ ಕೈ ಹಿಡಿಯುತ್ತದೆ.

ಗೋಡೆ: ತೋಟದ ಬೆನ್ನೆಲುಬು

ಈ ಗೋಡೆಗಳಿಗೆ ಗಾರೆ ಇಲ್ಲ. ಕಲ್ಲಿನ ಮೇಲೆ ಕಲ್ಲು, ಅಷ್ಟೇ. ಇಟಾಲಿಯನ್ನಿನಲ್ಲಿ ಇದನ್ನು 'ಒಣ ಗೋಡೆ' ಎನ್ನುತ್ತಾರೆ. ಈ ಕಲೆಯನ್ನು 2018ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು. ಇಟಲಿ, ಫ್ರಾನ್ಸ್, ಸ್ಪೇನ್, ಗ್ರೀಸ್, ಕ್ರೊಯೇಷಿಯಾ, ಸೈಪ್ರಸ್, ಸ್ಲೊವೇನಿಯಾ, ಸ್ವಿಟ್ಜರ್ಲೆಂಡ್ ಎಂಟೂ ದೇಶಗಳು ಸೇರಿ ಕೇಳಿದ್ದವು.

ಗಾರೆ ಇಲ್ಲದಿರುವುದು ಬಡತನದಿಂದಲ್ಲ. ಸಂದಿನಿಂದ ನೀರು ಹೊರಬರಲಿ ಎಂದೇ ಹಾಗೆ ಕಟ್ಟಿದ್ದಾರೆ. ಲೆಕ್ಕ ನೋಡಿ. ಎರಡು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೂ ಆ ನೀರೊಂದೇ ಎರಡು ಟನ್ ಬಲದಿಂದ ತಳ್ಳುತ್ತದೆ. ಮಣ್ಣಿನ ಒತ್ತಡ ಬೇರೆ. ಸಂದಿಗೆ ಸಿಮೆಂಟ್ ತುಂಬಿದರೆ ಆಗುವುದು ಇದೇ. ನಾನಿದ್ದ ಒಂದು ತೋಟದಲ್ಲಿ ಹಿಂದಿನ ಗುತ್ತಿಗೆದಾರರು ಗೋಡೆ ಗಟ್ಟಿಯಾಗಲಿ ಎಂದು ಮುಖಕ್ಕೆಲ್ಲ ಸಿಮೆಂಟ್ ಬಳಿದಿದ್ದರು. ನೋಡಲು ಅಚ್ಚುಕಟ್ಟಾಗಿತ್ತು. ಎರಡನೇ ನವೆಂಬರ್‌ಗೆ ಎಂಟು ಮೀಟರ್ ಗೋಡೆ ಇಡಿಯಾಗಿ ಮಗುಚಿ ಕೆಳಗಿನ ನಿಂಬೆ ಗಿಡಗಳ ಮೇಲೆ ಬಿತ್ತು. ಅದೃಷ್ಟಕ್ಕೆ ರಾತ್ರಿ ಹೊತ್ತು, ಯಾರೂ ಇರಲಿಲ್ಲ. ದಯವಿಟ್ಟು ಈ ಗೋಡೆಗಳಿಗೆ ಸಿಮೆಂಟ್ ಹಾಕಬೇಡಿ.

ಗೋಡೆ ಕೆಡುವ ಮೊದಲು ಹೊಟ್ಟೆ ಬಿಡುತ್ತದೆ. ಇಲ್ಲಿನ ಮೇಸ್ತ್ರಿಗಳೂ ಅದಕ್ಕೆ 'ಹೊಟ್ಟೆ' ಎಂದೇ ಹೇಳುತ್ತಾರೆ. ಆಮೇಲೆ ನಡುವೆ ಜಾರುತ್ತದೆ. ಕಾಡುಹಂದಿಗಳು ಹುಳ ಹುಡುಕುತ್ತಾ ತಲೆಗಲ್ಲು ಉರುಳಿಸುವುದೂ ಇಲ್ಲಿ ದೊಡ್ಡ ಕಾಟ. ತೋಟದ ಸುತ್ತ ಬೇಲಿ ಗಟ್ಟಿ ಮಾಡದೆ ಗೋಡೆ ಕಟ್ಟಿದರೆ ಕೆಲಸ ವ್ಯರ್ಥ.

ಬಿಚ್ಚಿ ಕಟ್ಟುವ ಕೆಲಸಕ್ಕೆ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಕಾಲ. ಅಕ್ಟೋಬರ್‌ನಲ್ಲಿ ಯಾವ ಗೋಡೆಯೂ ಬಿಚ್ಚಿದ ಸ್ಥಿತಿಯಲ್ಲಿ ಇರಬಾರದು. ಬಿದ್ದ ಜಾಗದ ಎರಡೂ ಬದಿಯಲ್ಲಿ ಗಟ್ಟಿ ಗೋಡೆ ಸಿಗುವವರೆಗೆ ಮೆಟ್ಟಿಲಿನಂತೆ ಬಿಚ್ಚುತ್ತಾ ಹೋಗಿ. ಕಲ್ಲುಗಳನ್ನು ಕೆಳಗಿನ ಹಂತದಲ್ಲಿ ನಾಲ್ಕು ರಾಶಿ ಮಾಡಿ: ಅಡಿಪಾಯದ ದಪ್ಪ ಕಲ್ಲು, ಮುಖದ ಕಲ್ಲು, ತಲೆಗಲ್ಲು, ಚಕ್ಕೆ. ಹಿಂದಿನ ಮಣ್ಣಿನಲ್ಲೂ ಮೇಲ್ಮಣ್ಣು ಬೇರೆ, ಕೆಳಮಣ್ಣು ಬೇರೆ ಇಡಿ. ಗೋಡೆಯ ಅಂಚಿನ ಹತ್ತಿರ ಯಾವುದನ್ನೂ ಪೇರಿಸಬೇಡಿ. ಸಣ್ಣ ಜೆಸಿಬಿ ತಂದರೆ ಗೋಡೆ ಎಷ್ಟು ಎತ್ತರವೋ ಅಷ್ಟು ದೂರ ಅಂಚಿನಿಂದ ಹಿಂದೆ ನಿಲ್ಲಲಿ. ಹೆಚ್ಚಿನ ಕಡೆ ಯಂತ್ರ ಹೋಗುವುದೂ ಇಲ್ಲ. ಚಿಂಕ್ವೆ ತೆರ್ರೆಯ ದ್ರಾಕ್ಷಿ ತೋಟಗಳಲ್ಲಿ ಒಂಟಿ ಹಳಿಯ ಪುಟ್ಟ ಗಾಡಿ ಹಾಕಿಕೊಂಡಿದ್ದಾರೆ. ಉಳಿದವರಿಗೆ ಬಾಂಡ್ಲಿ, ಬುಟ್ಟಿ, ಹೆಗಲು.

ಕಟ್ಟುವ ಬಗೆ ಹೇಳುತ್ತೇನೆ. ಗಟ್ಟಿ ನೆಲ ಸಿಗುವ ತನಕ ಅಡಿಪಾಯ ಅಗೆಯಿರಿ. ಆ ತಳ ಗುಡ್ಡದ ಕಡೆಗೆ ಸ್ವಲ್ಪ ಇಳಿದಿರಲಿ, ಆಗ ಕಲ್ಲು ಮುಂದಕ್ಕೆ ಜಾರುವುದಿಲ್ಲ. ದೊಡ್ಡ ಕಲ್ಲುಗಳು ಕೆಳಗೆ. ಎರಡು ಮೀಟರ್ ಗೋಡೆಗೆ ಬುಡದಲ್ಲಿ 70ರಿಂದ 80 ಸೆಂ.ಮೀ. ದಪ್ಪ ಇರಲಿ. ಪ್ರತಿ ಮೀಟರ್ ಎತ್ತರಕ್ಕೆ ಮುಖ 10ರಿಂದ 15 ಸೆಂ.ಮೀ. ಒಳಕ್ಕೆ ವಾಲಬೇಕು. ಇದಕ್ಕೆ ಎರಡು ತುದಿಯಲ್ಲಿ ಮರದ ಚೌಕಟ್ಟು ನಿಲ್ಲಿಸಿ ದಾರ ಕಟ್ಟಿಕೊಳ್ಳಿ. ಕಲ್ಲಿನ ಉದ್ದ ಗೋಡೆಯೊಳಗೆ ಹೋಗಲಿ, ಗಿಡ್ಡ ಬದಿ ಮುಖಕ್ಕೆ ಬರಲಿ. ಚಂದ ಕಾಣಲೆಂದು ಅಗಲ ಬದಿಯನ್ನು ಮುಖಕ್ಕೆ ತಿರುಗಿಸುವುದು ಹೊಸಬರ ತಪ್ಪು. ಅಂಥ ಕಲ್ಲು ಬಿಲ್ಲೆ ಅಂಟಿಸಿದ ಹಾಗೆ, ಹಿಡಿತವೇ ಇಲ್ಲ. ಎರಡು ಕಲ್ಲಿನ ಸಂದಿನ ಮೇಲೆ ಒಂದು ಕಲ್ಲು ಕೂರಬೇಕು. ಸಂದುಗಳು ಒಂದರ ಮೇಲೊಂದು ಬಂದರೆ ಗೋಡೆ ಅಲ್ಲೇ ಸೀಳುತ್ತದೆ. ನಡುನಡುವೆ ಉದ್ದ ಕಲ್ಲೊಂದು ಗೋಡೆಯ ಹಿಂಬದಿಯ ತನಕ ಹೋಗಲಿ. ಪ್ರತಿ ಸಾಲು ಆದಮೇಲೆ ಹಿಂದೆ 30ರಿಂದ 50 ಸೆಂ.ಮೀ. ಚಕ್ಕೆ ಕಲ್ಲು ತುಂಬಿ. ಸುರಿಯಬೇಡಿ, ಕೈಯಿಂದ ಜೋಡಿಸಿ. ಗೋಡೆಯ ಆಯುಸ್ಸು ಕಣ್ಣಿಗೆ ಕಾಣದ ಈ ಹಿಂಬದಿಯಲ್ಲಿದೆ. ಚಕ್ಕೆಯ ಹಿಂದೆ ಕೆಳಮಣ್ಣು ಹಾಕಿ ತೆಳು ಪದರವಾಗಿ ದಮ್ಮಸು ಮಾಡಿ. ಮೇಲಿನ ಒಂದೆರಡು ಗೇಣು ಮಾತ್ರ ಮೇಲ್ಮಣ್ಣು. ಕೊನೆಗೆ ಭಾರದ ತಲೆಗಲ್ಲು.

ಇಟ್ಟ ಕಲ್ಲಿನ ಮೇಲೆ ನಿಂತು ನೋಡಿ. ಅಲುಗಿದರೆ ತೆಗೆದು ಮತ್ತೆ ಇಡಿ. ಒಬ್ಬ ಅನುಭವಿ ಮೇಸ್ತ್ರಿ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಚದರ ಮೀಟರ್ ಮುಖ ಕಟ್ಟುವುದನ್ನು ನಾನು ನೋಡಿದ್ದೇನೆ. ಅದಕ್ಕೇ ಬಜೆಟ್ಟಿನ ದೊಡ್ಡ ಪಾಲು ಇಲ್ಲಿಗೆ ಹೋಗುತ್ತದೆ. ಅದರಲ್ಲಿ ಕೊಸರಾಡಬೇಡಿ. ಎರಡು ಮೀಟರ್‌ಗಿಂತ ಎತ್ತರದ ಗೋಡೆ, ಅಥವಾ ಮನೆಯನ್ನೋ ರಸ್ತೆಯನ್ನೋ ಹೊತ್ತ ಗೋಡೆಗೆ ಎಂಜಿನಿಯರ್ ನೋಡದೆ ಕೈ ಹಾಕುವುದು ಬೇಡ.

ಮೆಟ್ಟಿಲು, ಕಟ್ಟೆ, ಕಂಬಗಳ ವಿಷಯ ಚಿಕ್ಕದು. ಅವುಗಳಲ್ಲಿ ಗಾರೆ ಇದ್ದರೆ ಅದು ಸುಣ್ಣದ್ದೇ ಆಗಿರುತ್ತದೆ, ನೀವೂ ಸುಣ್ಣವನ್ನೇ ಬಳಸಿ. ಸವೆದ ಮೆಟ್ಟಿಲನ್ನು ಬದಲಾಯಿಸಬೇಡಿ. ಬಳ್ಳಿ ಹಬ್ಬಿಸುವ ಚಪ್ಪರದ (ಪೆರ್ಗೊಲಾ) ತೊಲೆಗಳಿಗೆ ಇಲ್ಲಿ ಚೆಸ್ಟ್‌ನಟ್ ಮರವೇ ರೂಢಿ. ಮಳೆಗೂ ಹುಳಕ್ಕೂ ಜಗ್ಗುವುದಿಲ್ಲ. ಕಪ್ಪು ಬಿಳಿ ಉರುಟು ಕಲ್ಲಿನ ಚಿತ್ತಾರದ ನೆಲ ಸಿಕ್ಕರೆ ಮೊದಲು ಪೂರ್ತಿ ಫೋಟೊ ತೆಗೆದು, ಮುಚ್ಚಿಟ್ಟು, ಎಲ್ಲ ಭಾರದ ಕೆಲಸ ಮುಗಿದ ಮೇಲೆ ತೆರೆಯಿರಿ.

ಉಳಿದ ಮರಗಳು

ಹಳೆಯ ಆಲಿವ್ ಮರ ಪೊಳ್ಳಾಗಿದ್ದರೂ ಬದುಕಿರುತ್ತದೆ. ಚಳಿ ಮುಗಿಯುವ ಹೊತ್ತಿಗೆ, ಮೂರು ವರ್ಷಗಳಲ್ಲಿ ಹಂಚಿ, ಒಳಗೆ ಬೆಳಕು ಬೀಳುವಂತೆ ಸವರಿ. ಒಂದೇ ವರ್ಷ ಬೋಳು ಮಾಡಬೇಡಿ. ಹೊಸ ಆಲಿವ್ ಸಸಿ ತರುವಾಗ ಸಸ್ಯ ಪಾಸ್‌ಪೋರ್ಟ್, ಅಂದರೆ ಸಸಿಯ ಆರೋಗ್ಯ ತಪಾಸಣೆಯ ಅಧಿಕೃತ ಚೀಟಿ, ಕೇಳಿ ಪಡೆಯಿರಿ. 2013ರಲ್ಲಿ ದಕ್ಷಿಣ ಇಟಲಿಯ ಪುಲಿಯಾದಲ್ಲಿ ಪತ್ತೆಯಾದ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಅಲ್ಲಿನ ಲಕ್ಷಾಂತರ ಆಲಿವ್ ಮರಗಳನ್ನು ಒಣಗಿಸಿದೆ.

ತಾಳೆ ಮರಗಳ ಕಥೆ ನನಗೆ ತುಂಬ ಹತ್ತಿರದ್ದು. ಬೊರ್ದಿಗೇರಾ ಊರು ತಾಳೆಗಳಿಗೇ ಹೆಸರುವಾಸಿ, ಗರಿಗಳ ಭಾನುವಾರಕ್ಕೆ ವ್ಯಾಟಿಕನ್ನಿಗೆ ಗರಿ ಹೋಗುತ್ತಿದ್ದುದು ಅಲ್ಲಿಂದ. 1884ರಲ್ಲಿ ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ ಅಲ್ಲಿ ಕೂತು ಆ ತೋಟಗಳ ಚಿತ್ರ ಬರೆದ. ಈಗ ಈ ದಂಡೆಯ ಕ್ಯಾನರಿ ತಾಳೆಗಳನ್ನು ಕೆಂಪು ಮೂತಿ ಹುಳು ತಿನ್ನುತ್ತಿದೆ. ಹೌದು, ನಮ್ಮ ತೆಂಗಿನ ತೋಟದ ಅದೇ ಹುಳು. ದಕ್ಷಿಣ ಏಷ್ಯಾದಿಂದ ಸಾಗಾಟದ ಗಿಡಗಳ ಜೊತೆ ಬಂದದ್ದು. ಸುಳಿ ಓರೆಯಾಗಿ, ಗರಿಗಳು ಕೊಡೆಯಂತೆ ಬಾಗಿದ ಹೊತ್ತಿಗೆ ಮರ ಉಳಿಸುವುದು ಬಹಳ ಕಷ್ಟ. ಕಡಿದು, ಚೂರು ಮಾಡಿ ವಿಲೇವಾರಿ ಮಾಡಿಸಬೇಕು. ಬದುಕಿರುವ ತಾಳೆಯ ಗರಿಯನ್ನು ಚಳಿಗಾಲದಲ್ಲಿ ಮಾತ್ರ ಕತ್ತರಿಸಿ. ಹಸಿ ಗಾಯದ ವಾಸನೆಗೆ ಹುಳು ಬರುತ್ತದೆ, ಚಳಿಯಲ್ಲಿ ಅದು ಹಾರಾಡುವುದಿಲ್ಲ.

ಕೊನೆಗೆ, ನೆಡುವುದು

ನೆಡುವ ಕಾಲ ಅಕ್ಟೋಬರ್ ಕೊನೆ ಮತ್ತು ನವೆಂಬರ್. ಊರಿನ ಅಭ್ಯಾಸದಂತೆ ಜೂನ್‌ನಲ್ಲಿ ನೆಟ್ಟರೆ ಸಾಯುತ್ತವೆ. ಶರತ್ಕಾಲದಲ್ಲಿ ನೆಟ್ಟ ಗಿಡ ಮಳೆಯಲ್ಲಿ ಬೇರಿಳಿಸಿ ಬೇಸಿಗೆಗೆ ತಯಾರಾಗುತ್ತದೆ.

ದೊಡ್ಡ ಕುಂಡದ ಗಿಡಕ್ಕಿಂತ ಪುಟ್ಟ ಕುಂಡದ ಎಳೆಯ ಗಿಡ ಒಳ್ಳೆಯದು. ಮೂರು ವರ್ಷದಲ್ಲಿ ಅದೇ ಮುಂದಿರುತ್ತದೆ. ಗಟ್ಟಿ ಮಣ್ಣನ್ನು ಅಗಲವಾಗಿ ಸಡಿಲ ಮಾಡಿ. ಗೊಬ್ಬರ ಸುರಿಯಬೇಡಿ, ರೋಸ್‌ಮೇರಿ, ಸಿಸ್ಟಸ್, ಲ್ಯಾವೆಂಡರ್, ಮಿರ್ಟಲ್‌ಗಳಿಗೆ ಬಡ ಮಣ್ಣೇ ಇಷ್ಟ. ಬುಡದ ಸುತ್ತ 60 ಸೆಂ.ಮೀ. ಅಗಲದ ಪಾತಿ ಮಾಡಿ. ಮೊದಲ ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ ಸುಮಾರು 20 ಲೀಟರ್ ನೀರು ಕೊಡಿ. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ, ಬಿಸಿ ಮಣ್ಣು ಒದ್ದೆಯಾಗಿದ್ದರೆ ಬುಡ ಕೊಳೆಯುತ್ತದೆ. ಎರಡನೇ ಬೇಸಿಗೆಗೆ ನೀರು ಅರ್ಧ, ಮೂರನೆಯದಕ್ಕೆ ಇಲ್ಲವೆಂದರೂ ಆದೀತು. ನಿಂಬೆ, ಕಿತ್ತಳೆಗಳ ಮಾತು ಬೇರೆ. ಅವನ್ನೆಲ್ಲ ತೊಟ್ಟಿಯ ಕೆಳಗಿನ ಹಂತದಲ್ಲಿ ಒಟ್ಟಿಗೆ ಇಡಿ. ಹಳಬರು ಹಾಗೇ ಮಾಡಿದ್ದರು, ನೀರು ತಾನಾಗಿ ಇಳಿಯುತ್ತಿತ್ತು.

ಹಳೆಯ ಪಟ್ಟಿಯಲ್ಲಿದ್ದ ಗಿಡ ಈಗ ಬಾಳದಿದ್ದರೆ ಅದರ ಆಕಾರ ಉಳಿಸಿ. ಬಾಕ್ಸ್ ಗಿಡದ ಕತ್ತರಿಸಿದ ಬೇಲಿಯನ್ನು ಈಗ ಒಂದು ಪತಂಗದ ಹುಳು ಬೋಳು ಮಾಡುತ್ತದೆ. ಅಲ್ಲಿ ಚಿಕ್ಕ ಎಲೆಯ ಮಿರ್ಟಲ್ ಹಾಕಿದರೆ ಕಣ್ಣಿಗೆ ಅದೇ ಗೆರೆ ಕಾಣುತ್ತದೆ. ಗೋಡೆಯ ಅಂಚಿನಲ್ಲಿ ಮರ ಬೇಡ, ಇಳಿಬೀಳುವ ರೋಸ್‌ಮೇರಿ ಸಾಕು. ಮನೆಯ ಹತ್ತಿರ ಪೈನ್, ಒಣ ಹುಲ್ಲು ಬೇಡ, ಬೇಸಿಗೆಯ ಬೆಂಕಿ ಇಲ್ಲಿ ನಿಜವಾದ ಅಪಾಯ.

ಕೆಲಸ ಮುಗಿದ ಮೇಲೆ ಒಂದು ದಿನಚರಿ ಪುಸ್ತಕ ಇಡಿ. ಮೇ ತಿಂಗಳೊಳಗೆ ಹುಲ್ಲು ಕೊಯ್ಯುವುದು, ಚಳಿಗಾಲದಲ್ಲಿ ಉರುಳಿದ ತಲೆಗಲ್ಲು ಅದೇ ವಾರ ಮತ್ತೆ ಕೂರಿಸುವುದು, ತೂಗುಗುಂಡಿನ ಅಳತೆ, ಎಲ್ಲ ಅದರಲ್ಲಿ ಬರೆಯಿರಿ. ಸೆಪ್ಟೆಂಬರ್ ಕೊನೆಗೆ ಮೇಲಿನ ಅಡ್ಡಗಾಲುವೆಯಿಂದ ತೊಟ್ಟಿಯ ತೂಬಿನವರೆಗೆ ಎಲೆ, ಹೂಳು ಎಲ್ಲ ತೆಗೆದಿರಬೇಕು. ಮೊದಲ ದೊಡ್ಡ ಮಳೆ ಬಂದ ದಿನ ಸಲಿಕೆ ಹಿಡಿದು ಮತ್ತೆ ತೋಟ ಸುತ್ತಿ. ಹೋದ ವರ್ಷ ಒಣಗಿ ನಿಂತಿದ್ದ ಗೋಡೆ ಈ ಸಲ ಸಂದುಸಂದಿನಿಂದ ಸೋರುತ್ತಿದೆಯೇ ನೋಡಿ.